ಯಾವ ದೇಶದ ಕಾರ್ ತಕಂಬುದ್?

ನಮ್ಮ ಹಾಸ್ಟೆಲ್‌ನಲ್ಲಿ ಕಾರಿನ ಮಾತು ಶುರುವಾದ್ರೆ ಹತ್ತೇ ನಿಮಿಷದಲ್ಲಿ ಅದು ದೇಶಗಳ ಮಾತಾಗಿಬಿಡುತ್ತೆ. ಜಪಾನಿನದ್ದು ಕೆಡೋದೇ ಇಲ್ಲ, ಜರ್ಮನಿಯದ್ದು ಗಟ್ಟಿ ಆದ್ರೆ ರಿಪೇರಿಗೆ ಆಸ್ತಿ ಮಾರಬೇಕು, ಇಟಲಿಯದ್ದು ನೋಡೋಕೆ ಮಾತ್ರ ಚಂದ, ನಮ್ಮ ದೇಶದ್ದು ಶೀಟ್ ದಪ್ಪ. ಕ್ರಿಕೆಟ್ ಟೀಮುಗಳ ಬಗ್ಗೆ ಮಾತಾಡಿದ ಹಾಗೆ. ಯಾರಿಗೂ ಸ್ವಂತ ಕಾರಿಲ್ಲ, ಅಭಿಪ್ರಾಯಕ್ಕೆ ಮಾತ್ರ ಬರವಿಲ್ಲ.

ಏಳನೇ ಸೆಮಿಸ್ಟರ್‌ನಲ್ಲಿ ಈ ಮಾತಿಗೆ ದುಡ್ಡಿನ ಲೆಕ್ಕ ಸೇರಿಕೊಂಡಿತು. ನಮ್ಮ ಆರು ಜನರ ಗುಂಪಿನ ಒಬ್ಬಳ ಮನೆ ಕುಂದಾಪುರದ ಹತ್ತಿರ, ಸಮುದ್ರಕ್ಕೆ ಅರ್ಧ ಕಿಲೋಮೀಟರ್. ಅವಳ ಅಜ್ಜಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಪ್ರತಿ ಸಲ ಆಟೋ ಹುಡುಕಿ ಸಾಕಾಗಿ, ಅವಳ ಅಪ್ಪ ಎರಡೂವರೆ ಲಕ್ಷ ಹೊಂದಿಸಿ ಸೆಕೆಂಡ್‌ಹ್ಯಾಂಡ್ ಕಾರು ನೋಡ್ತಾ ಇದ್ದರು. ಫೋನ್ ಸ್ಪೀಕರಿಗೆ ಹಾಕಿಸಿ ನಮಗೇ ಕೇಳಿದರು: "ನೀವೆಲ್ಲ ಮೆಕ್ಯಾನಿಕಲ್ ಓದುದಲ್ದಾ? ಯಾವ ದೇಶದ್ ಕಾರ್ ತಕಂಬುದ್, ಹೇಳಿ ಕಾಂಬ."

ಎರಡೂವರೆ ಲಕ್ಷ ಅವರಿಗೆ ಎಷ್ಟು ವರ್ಷದ ಉಳಿತಾಯ ಅಂತ ನಮಗೆ ಗೊತ್ತಿತ್ತು. ಮೆಸ್‌ನಲ್ಲಿ ಹೇಳೋ ಉತ್ತರ ಇಲ್ಲಿ ಸಾಲದು. ಹಾಗಾಗಿ ಒಂದು ವಾರ ಕೂತು ಓದಿದೆವು.

ಮೊದಲು ಬಿಡಿಸಿಕೊಳ್ಳಬೇಕಾದ್ದು ಇದು: ಕಾರು ಕೆಡದೇ ಇರೋದು ಬೇರೆ, ತುಕ್ಕು ಹಿಡಿಯದೇ ಇರೋದು ಬೇರೆ. ಅಮೆರಿಕದ ಜೆ.ಡಿ. ಪವರ್ ಸಂಸ್ಥೆಯ ಹೆಸರಾಂತ ಡಿಪೆಂಡಬಿಲಿಟಿ ಸಮೀಕ್ಷೆ ಮೂರು ವರ್ಷ ಹಳೆಯ ಕಾರುಗಳ ಮಾಲೀಕರನ್ನು ಕೇಳಿ, ನೂರು ಕಾರಿಗೆ ಎಷ್ಟು ತೊಂದರೆ ಅಂತ ಲೆಕ್ಕ ಹಾಕುತ್ತೆ. ಆದರೆ ಒಳಗಿನಿಂದ ಶುರುವಾದ ತುಕ್ಕು ಹೊರಗೆ ತೂತಾಗಿ ಕಾಣೋದಕ್ಕೆ ಸಾಮಾನ್ಯವಾಗಿ ಅದಕ್ಕಿಂತ ತುಂಬಾ ಹೆಚ್ಚು ವರ್ಷ ಬೇಕು. ಮೂರು ವರ್ಷದ ಕಾರಿನ ರ‍್ಯಾಂಕ್ ನೋಡಿ ಹನ್ನೆರಡು ವರ್ಷದ ಕಾರಿನ ತಳ ಹೇಗಿದೆ ಅಂತ ಹೇಳೋಕಾಗಲ್ಲ.

ಇನ್ನು ದೇಶಗಳ ಕಥೆ. ಇಟಲಿಯ ಹೆಸರು ಕೆಟ್ಟಿದ್ದಕ್ಕೆ ಕಾರಣ ಇದೆ. 1972ರಲ್ಲಿ ಬಂದ ಲ್ಯಾನ್ಸಿಯಾ ಬೀಟಾ ಓಡಿಸೋಕೆ ಒಳ್ಳೆಯ ಕಾರು. ಆದರೆ ಇಂಜಿನ್ ಹೊತ್ತ ಸಬ್‌ಫ್ರೇಮ್ ಬಾಡಿಗೆ ಸೇರುವ ಜಾಗದಲ್ಲೇ ತುಕ್ಕು ತಿಂದು, 1980ರಲ್ಲಿ ಬ್ರಿಟನ್ನಿನಲ್ಲಿ ಕಂಪನಿ ಕಾರುಗಳನ್ನು ವಾಪಸ್ ಕೊಂಡುಕೊಳ್ಳಬೇಕಾಯಿತು. ಆ ಹೆಸರು ಮತ್ತೆ ಸುಧಾರಿಸಲಿಲ್ಲ, 1994ರಲ್ಲಿ ಲ್ಯಾನ್ಸಿಯಾ ಬ್ರಿಟನ್ ಬಿಟ್ಟೇ ಹೋಯಿತು.

ಅದೇ 1970ರ ದಶಕದಲ್ಲಿ ಅಮೆರಿಕ, ಕೆನಡಾಕ್ಕೆ ಹೋದ ಜಪಾನಿನ ಚಿಕ್ಕ ಕಾರುಗಳ ಕಥೆ ನಮ್ಮ ಹಾಸ್ಟೆಲ್‌ನಲ್ಲಿ ಯಾರೂ ಹೇಳಲ್ಲ. ಇಂಜಿನ್ ಗಡಿಯಾರದ ಹಾಗೆ ಓಡ್ತಿತ್ತು. ಆದರೆ ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಸುರೀತಾರೆ. ಕೆಲವೇ ಚಳಿಗಾಲದಲ್ಲಿ ಫೆಂಡರ್‌ಗಳು ತೂತು. ಅದು ಹಳೇ ಕಾಲ ಅನ್ನೋ ಹಾಗೂ ಇಲ್ಲ. ಕೆಡೋದೇ ಇಲ್ಲ ಅಂತ ಹೆಸರಾದ ಟೊಯೋಟಾದ ಟಕೋಮಾ ಪಿಕಪ್‌ಗಳ ಚಾಸಿ ತುಕ್ಕಿನ ಕೇಸಿನಲ್ಲಿ, 2016ರಲ್ಲಿ ಕಂಪನಿ 340 ಕೋಟಿ ಡಾಲರ್‌ವರೆಗೆ ಬೆಲೆಬಾಳಬಹುದಾದ ರಾಜಿಗೆ ಒಪ್ಪಿತು. ಆ ಚಾಸಿ ಮಾಡಿಕೊಟ್ಟದ್ದು ಅಮೆರಿಕದ ಡಾನಾ ಕಂಪನಿ. ಈಗ ಹೇಳಿ, ಆ ತುಕ್ಕು ಯಾವ ದೇಶದ್ದು?

ಜರ್ಮನಿಯೂ ಅಷ್ಟೇ. ಪೋರ್ಷೆ 1970ರ ದಶಕದ ನಡುವಿನಲ್ಲೇ 911ರ ಬಾಡಿಗೆ ಸತು ಲೇಪಿಸಿದ ಉಕ್ಕು ಬಳಸಿತು. 1980ರ ದಶಕದ ನಡುವಿನಲ್ಲಿ ಆಡಿ ತನ್ನ 100 ಮಾಡೆಲಿನ ಇಡೀ ಬಾಡಿಗೆ ಸತು ತಂದಿತು. ಆ ಹಳೆಯ ಆಡಿಗಳ ಬಾಡಿ ಇಂದಿಗೂ ಮಾತಾಗುತ್ತೆ. ಅದಾಗಿ ಹತ್ತು ವರ್ಷ ಕಳೆದ ಮೇಲೆ, ಅದೇ ದೇಶದಲ್ಲಿ, ಮರ್ಸಿಡಿಸ್‌ನ 1990ರ ದಶಕದ ಕೊನೆಯ ಇ-ಕ್ಲಾಸ್ ತುಕ್ಕಿಗೇ ಕುಖ್ಯಾತಿ ಪಡೀತು. ಇಂಜಿನ್ ಲಕ್ಷಾಂತರ ಕಿಲೋಮೀಟರ್ ಓಡುತ್ತೆ, ವ್ಹೀಲ್ ಆರ್ಚ್ ಉದುರುತ್ತೆ. ಇನ್ನು ನಮ್ಮಲ್ಲಿ ಎಲ್ಲರೂ ಸಿನಿಮಾದಲ್ಲಿ ನೋಡಿರೋ ಡೆಲೋರಿಯನ್: ಹೊರಗೆ ಸ್ಟೇನ್‌ಲೆಸ್ ಸ್ಟೀಲ್, ಅಡಿಗೆ ಎಪಾಕ್ಸಿ ಲೇಪಿಸಿದ ಸಾದಾ ಉಕ್ಕಿನ ಚಾಸಿ. ಮೇಲೆ ಹೊಳೆಯೋ ಕಾರಿನ ಅಡಿಯಲ್ಲಿ ಲೇಪ ಬಿರುಕುಬಿಟ್ಟ ಕಡೆ ತುಕ್ಕು.

ಅಂದ್ರೆ ತುಕ್ಕನ್ನು ತಡೆಯೋದು ದೇಶ ಅಲ್ಲ, ಕೆಲಸ. ನಾವು ಸೆಕೆಂಡ್ ಸೆಮಿಸ್ಟರ್‌ನಲ್ಲಿ ಪಾಸಾಗೋಕೆ ಬಾಯಿಪಾಠ ಮಾಡಿದ ಪಟ್ಟಿಯಲ್ಲೇ ಇದರ ಅರ್ಧ ಉತ್ತರ ಇದೆ. ಸತುವಿನ ಸ್ಟ್ಯಾಂಡರ್ಡ್ ಪೊಟೆನ್ಶಿಯಲ್ ಮೈನಸ್ 0.76 ವೋಲ್ಟ್, ಕಬ್ಬಿಣದ್ದು ಮೈನಸ್ 0.44. ಪೇಂಟ್ ಗೀಚಿ ಉಕ್ಕು ಕಂಡರೂ ಸತು ತಾನು ಮೊದಲು ಕರಗಿ ಕಬ್ಬಿಣವನ್ನು ಉಳಿಸುತ್ತೆ. ಅದರ ಮೇಲೆ ಇ-ಕೋಟ್: ಇಡೀ ಬಾಡಿಯನ್ನು ಕ್ಯಾಥೋಡ್ ಮಾಡಿ ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸ್ತಾರೆ. ಸುಮಾರು 20 ಮೈಕ್ರಾನ್ ಪದರ, ಕೈ ಹೋಗದ ಸಂದಿಗೂ ಹೋಗುತ್ತೆ. ಆಮೇಲೆ ಬೆಸುಗೆಯ ಅಂಚಿಗೆ ಸೀಲೆಂಟ್, ಟೊಳ್ಳು ಭಾಗಗಳಿಗೆ ಮೇಣ, ನೀರು ಇಳಿಯೋಕೆ ತೂತು. ಇದರಲ್ಲಿ ಒಂದನ್ನು ಉಳಿತಾಯದ ಹೆಸರಲ್ಲಿ ಬಿಟ್ಟರೆ, ಯಾವ ಬಾವುಟ ಹಾರಿಸಿದ ಫ್ಯಾಕ್ಟರಿ ಆದ್ರೂ ಕಾರು ಕೊಳೆಯುತ್ತೆ. ಉಳಿದರ್ಧ ಉತ್ತರ, ಆ ಕಾರು ಎಲ್ಲಿ ಬದುಕಿತು ಅನ್ನೋದು. ಕೆನಡಾದವರಿಗೆ ಉಪ್ಪು ರಸ್ತೆಯಿಂದ ಬಂದರೆ ಕರಾವಳಿಯವರಿಗೆ ಗಾಳಿಯಿಂದ ಬರುತ್ತೆ.

ಇಷ್ಟು ತಿಳ್ಕೊಂಡು ಒಂದು ಶನಿವಾರ ಕುಂದಾಪುರಕ್ಕೆ ಹೋದೆವು. ಅಪ್ಪ ಎರಡು ಕಾರು ಗೊತ್ತು ಮಾಡಿಟ್ಟಿದ್ದರು. ಒಂದು ಜಪಾನಿ ಹೆಸರಿನದ್ದು, ಹನ್ನೆರಡು ವರ್ಷವೂ ಕರಾವಳಿಯಲ್ಲೇ ಓಡಿದ್ದು, ಹೊಸ ಪೇಂಟ್. ಇನ್ನೊಂದು ನಮ್ಮ ಹಾಸ್ಟೆಲ್ ಪಟ್ಟಿಯಲ್ಲಿ ಕೊನೆಗೆ ಬರೋ ಹೆಸರಿನದ್ದು, ಹನ್ನೊಂದು ವರ್ಷ ದಾವಣಗೆರೆಯಲ್ಲಿದ್ದದ್ದು. ಎರಡನ್ನೂ ಟಿಂಕರಿಂಗ್ ಅಣ್ಣ ಒಬ್ಬರ ಗ್ಯಾರೇಜಿನಲ್ಲಿ ಲಿಫ್ಟಿಗೆ ಹಾಕಿಸಿದೆವು.

ಮೊದಲನೆಯದರ ಇಂಜಿನ್ ಶಬ್ದ ಕೇಳಿ ಎಲ್ಲರಿಗೂ ಖುಷಿ. ಅಣ್ಣ ಏನೂ ಮಾತಾಡದೆ ರನ್ನಿಂಗ್ ಬೋರ್ಡಿನ ಪ್ಲಾಸ್ಟಿಕ್ ಕವರ್ ಬಿಚ್ಚಿ, ನಮ್ಮ ಕೈಗೆ ಅಯಸ್ಕಾಂತ ಕೊಟ್ಟರು. ಅಂಟಲಿಲ್ಲ. ಒಳಗೆ ಪುಟ್ಟಿ. ಅವರು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ, ಒಂದು ಕಡೆ ತುದಿ ಒತ್ತಿದರು. ಒಳಗೆ ಹೋಯಿತು. ನೀರಿಳಿಯೋ ತೂತುಗಳು ಕೆಸರಿನಿಂದ ಮುಚ್ಚಿಹೋಗಿದ್ದವು. ಹನ್ನೆರಡು ಮಳೆಗಾಲದ ನೀರು ಒಳಗೇ ನಿಂತಿತ್ತು.

ಎರಡನೆಯದರ ಕ್ಲಚ್ ಗಟ್ಟಿ, ಎಸಿ ಸುಮಾರು, ಹಿಂದಿನ ಒಂದು ಪವರ್ ವಿಂಡೋ ಸತ್ತಿತ್ತು. ತಳ ಮಾತ್ರ ಒಣಗಿದ ಧೂಳು. ಎಲ್ಲಿ ತಟ್ಟಿದರೂ ಗಟ್ಟಿ ಸದ್ದು.

ಬ್ರಿಟನ್ನಿನ ವಾರ್ಷಿಕ ತಪಾಸಣೆಯಲ್ಲಿ ಒಂದು ನಿಯಮ ಇದೆ. ಸೀಟ್ ಬೆಲ್ಟ್, ಸಸ್ಪೆನ್ಷನ್ ಇಂಥವು ಬಾಡಿಗೆ ಸೇರುವ ಜಾಗದಿಂದ 30 ಸೆಂಟಿಮೀಟರ್ ಒಳಗೆ, ಅಂದ್ರೆ ನಮ್ಮ ಡ್ರಾಯಿಂಗ್ ಕ್ಲಾಸಿನ ಒಂದು ಸ್ಕೇಲಿನಷ್ಟು ದೂರದಲ್ಲಿ, ಭಾರ ಹೊರುವ ಉಕ್ಕು ತುಕ್ಕಿಗೆ ಬಲ ಕಳ್ಕೊಂಡಿದ್ರೆ ಕಾರು ಫೇಲ್. ಇದನ್ನೇ ಅವಳ ಅಪ್ಪನಿಗೆ ಹೇಳಿದೆವು. "ಕ್ಲಚ್ ಕೆಟ್ರೆ ಕಾರು ದಾರಿಯಲ್ಲಿ ನಿಲ್ಲುತ್ತೆ, ಮಾವ. ಇದು ಕೊಳೆತ್ರೆ ಕಾರು ನಿಲ್ಲಲ್ಲ, ಓಡ್ತಾನೇ ಇರುತ್ತೆ. ಪಕ್ಕದಿಂದ ಯಾರಾದ್ರೂ ಗುದ್ದಿದ ದಿನ ಮಾತ್ರ ಅಜ್ಜಿ ಕೂತ ಸೀಟಿನ ಪಕ್ಕ ತಡೆಯೋಕೆ ಏನೂ ಇರಲ್ಲ." ಅವರು ಸ್ಕ್ರೂಡ್ರೈವರ್ ಹೋದ ತೂತನ್ನೇ ಸ್ವಲ್ಪ ಹೊತ್ತು ನೋಡಿ, ದಾವಣಗೆರೆಯದ್ದನ್ನೇ ತಗೊಂಡರು. ಕ್ಲಚ್ ಹಾಕಿಸಿದರು. ಅಜ್ಜಿಗೆ ಮುಂದಿನ ಕಿಟಕಿ ಇಳಿದರೆ ಸಾಕಂತೆ, ಹಿಂದಿನದು ಹಾಗೇ ಇದೆ.

ಆ ಕಾರಿಗೂ ಈಗ ಸಮುದ್ರದ ಲೆಕ್ಕ ಶುರುವಾಗಿದೆ. ಅವಳ ತಮ್ಮ ತಿಂಗಳಿಗೊಮ್ಮೆ ಸಿಹಿನೀರಿನ ಪೈಪು ಹಿಡಿದು ತಳ ತೊಳೀತಾನೆ. ಮಳೆಗಾಲಕ್ಕೆ ಮುಂಚೆ ತೂತುಗಳನ್ನು ತಂತಿಯಿಂದ ಬಿಡಿಸಿ, ಒಳಗೆ ಮೇಣ ಹೊಡೆಸೋದು ಅಂತ ಮಾತಾಗಿದೆ. ಹದಿನೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. ಅಲ್ಲಿಯವರೆಗೆ ನಾಲ್ಕು ವರ್ಷ ಇದೆ.

ಪ್ಲೇಸ್‌ಮೆಂಟ್ ನಡೀತಾ ಇದೆ. ನಮ್ಮಲ್ಲಿ ಇಬ್ಬರು ಕಾರಿನ ಫ್ಯಾಕ್ಟರಿಗೇ ಹೋಗಬಹುದು. ಸೀನಿಯರ್‌ಗಳು ಆಗಲೇ ಬಿಡದಿಯಲ್ಲಿ, ಚೆನ್ನೈನಲ್ಲಿ ಇದ್ದಾರೆ. ಬಿಡದಿಯಲ್ಲಿ ಜಪಾನಿ ಕಂಪನಿಯ ಕಾರಿಗೆ ಬೆಸುಗೆ ಹಾಕೋದು, ಬಣ್ಣ ಹೊಡೆಯೋದು ನಮ್ಮೂರ ಕಡೆಯವರೇ. ನಾಳೆ ಪೇಂಟ್ ಶಾಪಿನಲ್ಲಿ ಸೀಲೆಂಟ್ ನಾಝಲ್ ಕಟ್ಟಿಕೊಂಡಿದ್ದು ಕಂಡರೂ ಶಿಫ್ಟ್ ಟಾರ್ಗೆಟ್‌ಗೋಸ್ಕರ ಲೈನ್ ಬಿಡೋದಾ, ನಿಲ್ಲಿಸೋದಾ ಅಂತ ತೀರ್ಮಾನಿಸೋರು ನಾವೇ ಆಗಿರಬಹುದು. ಅದರ ಫಲಿತಾಂಶ ಹನ್ನೆರಡು ವರ್ಷ ಬಿಟ್ಟು ಯಾವುದೋ ಊರಿನ ಗ್ಯಾರೇಜಿನಲ್ಲಿ, ಯಾರದೋ ಅಪ್ಪನ ಉಳಿತಾಯದ ಮೇಲೆ ಬರುತ್ತೆ.