ಫಟಫಟಿಯ ಬಾಯಿ

ಎದುರುಮನೆಯ ಮೇಷ್ಟ್ರು ನಮ್ಮ ಮನೆಯ ಮೆಟ್ಟಿಲು ಹತ್ತುವುದು ಅಪರೂಪ. ಯುಗಾದಿಯ ಬೇವುಬೆಲ್ಲಕ್ಕೆ ಮಾತ್ರ ಬರುವವರು ಆಷಾಢದ ಒಂದು ಸಂಜೆ ಬಂದು ಕುಳಿತಾಗಲೇ ಏನೋ ವಿಶೇಷವಿರಬೇಕೆಂದುಕೊಂಡೆ. ಮಳೆಯ ಮಾತು, ಪರೀಕ್ಷೆಯ ಮಾತು ಮುಗಿದು ಕಾಫಿಯ ಲೋಟ ಬರಿದಾಯಿತು. ಆಮೇಲೆ ಮೇಷ್ಟ್ರು ನೆಲ ನೋಡುತ್ತ ಹೇಳಿದರು:

"ಆಸ್ಪತ್ರೆಯಿಂದ ಬಂದಮೇಲೆ ನಮ್ಮ ಮನೆಯವಳಿಗೆ ಬೆಳಗಿನ ಜಾವದಲ್ಲೇ ಒಂದಿಷ್ಟು ನಿದ್ದೆ ಹತ್ತುವುದು. ನೀನು ಗಾಡಿ ಒದೆಯುತ್ತಲೂ ಬೆಚ್ಚಿ ಎದ್ದು ಕೂರುತ್ತಾಳಪ್ಪ. ನಿಮ್ಮ ತಂದೆಯವರು ಬೀದಿಯ ತುದಿಯವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಚಾಲು ಮಾಡುತ್ತಿದ್ದರು."

ಕೊನೆಯ ಮಾತು ನನ್ನನ್ನು ಅಲ್ಲಿಯೇ ಕಟ್ಟಿಹಾಕಿತು.

ಗಾಡಿ ನಮ್ಮ ತಂದೆಯವರು 1984ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್. ನಮ್ಮ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲೇ ಹುಟ್ಟಿದ್ದು. ಆ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು; ಗಾಡಿಗಳು ಮಾತ್ರ ಹಟ ಹಿಡಿದು ಓಡುತ್ತಲೇ ಇವೆ. ಒಂದೇ ಸಿಲಿಂಡರು, ಆದರೆ ಎಡಬಲಕ್ಕೆ ಎರಡು ಸೈಲೆನ್ಸರು. ಒದ್ದು ಎಬ್ಬಿಸುವ ಸನ್ನೆಯೇ ಗೇರಿನ ಸನ್ನೆಯೂ ಹೌದು. 2010ರಲ್ಲಿ, ಬಿ.ಎ. ಕೊನೆಯ ವರ್ಷದಲ್ಲಿದ್ದಾಗ, ಆ ಎರಡು ಸೈಲೆನ್ಸರುಗಳ ಬಾಲದ ತಿರುಪು ಬಿಚ್ಚಿ ಒಳಗಿನ ಬ್ಯಾಫಲ್ ಎಂಬ ತೂತುಗೊಳವೆಗಳನ್ನು ಹೊರಗೆಳೆದು ಗುಜರಿಗೆ ಹಾಕಿದವನು ನಾನು. ಮಾನಸಗಂಗೋತ್ರಿಯ ರಸ್ತೆಯಲ್ಲಿ ಹತ್ತು ಜನ ತಿರುಗಿ ನೋಡಬೇಕೆಂಬುದಷ್ಟೇ ಕಾರಣ. ನೋಡಿದರು ಕೂಡ, ಮೆಚ್ಚಿ ನೋಡಿದರೆಂದು ನಾನು ಭಾವಿಸಿದ್ದೆ.

ತಂದೆಯವರು ಏನೂ ಅನ್ನಲಿಲ್ಲ. ಆ ವಾರದಿಂದಲೇ ಬೆಳಿಗ್ಗೆ ಗಾಡಿಯನ್ನು ತಳ್ಳಿಕೊಂಡು ಹೋಗತೊಡಗಿದರು. ಸುಮಾರು 140 ಕಿಲೋ ತೂಕದ ಗಾಡಿ, ಅವರಿಗೋ ಮಂಡಿನೋವು. ಏಕೆಂದು ಒಮ್ಮೆ ಕೇಳಿದ್ದಕ್ಕೆ, "ಇಳಿಜಾರಿದೆಯಲ್ಲ, ಪೆಟ್ರೋಲು ಉಳಿಯುತ್ತೆ" ಎಂದಿದ್ದರು. ನಾನು ನಂಬಿದೆ. 2022ರಲ್ಲಿ ಅವರು ತೀರಿಕೊಳ್ಳುವವರೆಗೂ ನಂಬಿಕೊಂಡಿದ್ದೆ. ಮೇಷ್ಟ್ರು ಬಾರದಿದ್ದರೆ ಇನ್ನೂ ನಂಬಿಕೊಂಡಿರುತ್ತಿದ್ದೆ.

ಆ ರಾತ್ರಿ ಊಟಕ್ಕೆ ಕುಳಿತಾಗ, "ನಿನಗೆ ಗೊತ್ತಿತ್ತೇನಮ್ಮ?" ಎಂದು ಕೇಳಿದೆ.

"ಗೊತ್ತಿಲ್ಲದೆ ಏನು? ಸರಿಮಾಡಿಸಿಬಿಡಿ ಅಂದರೆ, ತೆಗೆದವನೇ ಹಾಕಲಿ ಬಿಡು ಅಂತಿದ್ದರು" ಎಂದಳು ಅಮ್ಮ, ಸಾರು ಬಡಿಸುತ್ತ.

ಕೇಶಿರಾಜನನ್ನು ವರ್ಷವರ್ಷವೂ ಪಾಠ ಹೇಳುವವನು ನಾನು. 'ಶಬ್ದಮಣಿದರ್ಪಣ'ದ ಪ್ರಕಾರ ಶಬ್ದವೆಂಬುದು ಒಂದು ದ್ರವ್ಯ. ನಾಭಿಯ ಮೂಲದಲ್ಲಿ ಗಾಳಿಯ ಬಲದಿಂದ ಕಹಳೆಯ ರೀತಿಯಲ್ಲಿ ಹುಟ್ಟುತ್ತದೆ, ಅದರ ಬಣ್ಣ ಬಿಳುಪು. ಎಣ್ಣೆ ಬೆರೆಸಿದ ಪೆಟ್ರೋಲು ಕುಡಿದು ಬಿಳಿಯ ಹೊಗೆಯುಗುಳುವ ಟೂ ಸ್ಟ್ರೋಕ್ ಗಾಡಿಯನ್ನು ಆತ ಕಂಡಿದ್ದರೆ ಉದಾಹರಣೆಗೆ ಕಹಳೆಯನ್ನು ಹುಡುಕಬೇಕಾಗಿರಲಿಲ್ಲ. ಸಿಲಿಂಡರಿನಿಂದ ಒಮ್ಮೆಲೇ ನುಗ್ಗಿ ಬರುವ ಬಿಸಿ ಅನಿಲದ ಹೊಡೆತವೇ ಸದ್ದು. ಬ್ಯಾಫಲ್ ಅದನ್ನು ತೂತುಗಳಲ್ಲಿ ಹಂಚಿ, ಅಡ್ಡತಡೆಗಳಿಗೆ ಬಡಿದು ಹಿಂದಿರುಗುವಂತೆ ಮಾಡಿ, ಅಲೆಯಿಂದಲೇ ಅಲೆಯನ್ನು ಕುಗ್ಗಿಸುತ್ತದೆ. ಅದನ್ನು ಕಿತ್ತರೆ ಉಳಿಯುವುದು ಬರಿಯ ಕಹಳೆ.

ಭಾನುವಾರ ಹಳೆಯ ಮೆಕ್ಯಾನಿಕ್ ಒಬ್ಬರ ಬಳಿಗೆ ಒಯ್ದೆ. ಕೊಳವೆಯ ಸುತ್ತ ಗಾಜಿನ ಹತ್ತಿ ಸುತ್ತಿಬಿಡೋಣವೆ ಎಂದು ನಾನು ಅಲ್ಲಿಯೂ ಪಾಂಡಿತ್ಯ ತೋರಿಸಿದೆ. "ಟೂ ಸ್ಟ್ರೋಕಿಗೆ ಬೇಡಿ ಸಾರ್, ಎಣ್ಣೆ ಕುಡಿದು ಉಂಡೆ ಕಟ್ಟುತ್ತೆ" ಎಂದರು. ಬಾಯಿಗೆ ಏನಾದರೂ ತುರುಕಿದರೆ? ಹೊಗೆ ಹೊರಹೋಗದೆ ಎಂಜಿನ್ನು ಕಾಯುತ್ತದೆ, ಎಳೆಯುವುದಿಲ್ಲವಂತೆ. ಅವರು ಮೊದಲು ಮುಟ್ಟಿದ್ದು ಸೈಲೆನ್ಸರನ್ನಲ್ಲ. ಕೊಳವೆ ಸಿಲಿಂಡರನ್ನು ಸೇರುವ ಸಂದನ್ನು. ಅಲ್ಲಿ ಕಪ್ಪು ಎಣ್ಣೆಯ ಗೆರೆ ಇಳಿದಿತ್ತು. "ನಿಮ್ಮ ಪಟಪಟದಲ್ಲಿ ಅರ್ಧ ಇಲ್ಲಿಯದು." ಅಲ್ಲಿಗೆ ಹೊಸ ವಾಷರು ಬಿತ್ತು. ಸೈಲೆನ್ಸರುಗಳು ಕಾಸ್ಟಿಕ್ ಸೋಡಾದ ನೀರಿನಲ್ಲಿ ಒಂದು ರಾತ್ರಿ ನೆನೆದು ಕಾರ್ಬನ್ ಬಿಟ್ಟವು. ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಜೋಡಿ ಬ್ಯಾಫಲ್‌ಗಳಲ್ಲಿ ಒಂದು ಸಲೀಸಾಗಿ ಕೂತಿತು, ಇನ್ನೊಂದರ ಅಂಚನ್ನು ಅರದಿಂದ ಉಜ್ಜಬೇಕಾಯಿತು. ಉಜ್ಜಿದವನು ನಾನೇ, ಮೆಕ್ಯಾನಿಕ್ ಕೈ ಚಾಚಿದರೂ ಕೊಡಲಿಲ್ಲ.

ಸದ್ದು ಸತ್ತಿತೆಂದೇನೂ ಅಲ್ಲ. ಗದರುತ್ತಿದ್ದ ಗಾಡಿ ಗೊಣಗತೊಡಗಿತು, ಅಷ್ಟೆ. ಆಶ್ಚರ್ಯವೆಂದರೆ, ಎರಡನೆಯ ಗೇರಿನಲ್ಲಿ ಏರು ಹತ್ತುವಾಗ ಮೊದಲಿಗಿಂತ ಚೆನ್ನಾಗಿ ಎಳೆಯಿತು. ಅಬ್ಬರವೇ ಬಲವೆಂದು ಇಷ್ಟು ವರ್ಷ ತಿಳಿದಿದ್ದೆನಲ್ಲ!

ಇದಕ್ಕೆಲ್ಲ ಕಾಯಿದೆಯೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಹತ್ತು ಡೆಸಿಬೆಲ್ ಹೆಚ್ಚೆಂದರೆ ಸದ್ದಿನ ಶಕ್ತಿ ಹತ್ತು ಪಟ್ಟು ಹೆಚ್ಚು. ಮೇಷ್ಟ್ರು ಇದಾವುದನ್ನೂ ಎತ್ತಿರಲಿಲ್ಲ. ಎತ್ತಿದ್ದರೆ ವಾದಿಸಿ ಗೆಲ್ಲುತ್ತಿದ್ದೆನೇನೋ.

ಸೋಮವಾರ ಬೆಳಿಗ್ಗೆ ಗಾಡಿಯನ್ನು ಹೊರಗೆ ತಂದೆ. ಮನೆಯ ಮುಂದೆಯೇ ಒದೆಯಬಹುದಿತ್ತು. ಕಾಲೆತ್ತಿದವನು ಏಕೋ ಇಳಿಸಿದೆ. ಹ್ಯಾಂಡಲ್ ಹಿಡಿದು ತಳ್ಳತೊಡಗಿದೆ. ಬಹಳ ಭಾರ. ಮೂರನೆಯ ಮನೆ ದಾಟುವಷ್ಟರಲ್ಲಿ ಬೆನ್ನು ಬೆವರಿತು. ಹಾಲು ತರಲು ಹೋಗಿದ್ದ ಮೇಷ್ಟ್ರು ಎದುರಾದರು.

"ಏನಪ್ಪ, ಸರಿಮಾಡಿಸಿದೆ ಅಂದರು ನಿಮ್ಮಮ್ಮ. ಮತ್ತೆ ಕೆಟ್ಟಿತೆ?"

"ಇಲ್ಲ ಮೇಷ್ಟ್ರೆ" ಎಂದೆ. "ಇಳಿಜಾರಿದೆಯಲ್ಲ, ಪೆಟ್ರೋಲು ಉಳಿಯುತ್ತೆ."