ಸುರಂಗದ ಎರಡು ಬಾಯಿ

ಉಲ್ಲಾಳದಲ್ಲಿ ಮನೆ ಎಂದ ಕೂಡಲೇ ಎದುರಿಗಿರುವವರು 'ಓ, ಮಂಗಳೂರು ಕಡೆಯವರಾ?' ಎನ್ನುತ್ತಾರೆ. ರಾಣಿ ಅಬ್ಬಕ್ಕನ ಉಲ್ಲಾಳ ಬೇರೆ, ನಮ್ಮದು ಬೇರೆ. ನಮ್ಮದು ಬೆಂಗಳೂರಿನ ಪಡುವಣ ಅಂಚು. ಒಂದು ಕೆರೆ, ಅದರ ಏರಿಯ ಮೇಲೆ ಬೆಳಿಗ್ಗೆ ನಡೆದಾಡುವ ನಿವೃತ್ತರು, ಬಿಡಿಎ ಸೈಟುಗಳಲ್ಲಿ ಎದ್ದ ಮೂರು ಮೂರು ಮಹಡಿಯ ಮನೆಗಳು, ಬೇಸಿಗೆ ಬಂತೆಂದರೆ ಬೀದಿ ತುಂಬ ನೀರಿನ ಟ್ಯಾಂಕರು. ಅಬ್ಬಕ್ಕ ಇಲ್ಲದಿದ್ದರೂ ನಮ್ಮ ಬೀದಿಗೊಂದು ವಾಟ್ಸಾಪ್ ಗುಂಪಿದೆ. ಹೋದ ವರ್ಷ ಅದರಲ್ಲಿ ಒಂದು ಸಂದೇಶ ಬಂತು. ಶಿವಗಂಗೆಯ ಗಂಗಾಧರೇಶ್ವರನ ಗುಡಿಯಿಂದ ಬೆಂಗಳೂರಿನ ಗವಿ ಗಂಗಾಧರೇಶ್ವರನವರೆಗೆ ನೆಲದೊಳಗೇ ಸುರಂಗ ಇದೆಯಂತೆ, ಅಲ್ಲಿ ಲಿಂಗದ ಮೇಲೆ ತುಪ್ಪ ಬೆಣ್ಣೆಯಾಗುತ್ತದಂತೆ, ವಿಜ್ಞಾನಿಗಳು ಸೋತು ಕೈಕಟ್ಟಿ ನಿಂತರಂತೆ. ಹೆಮ್ಮೆಯ ಭಾರತೀಯರಾಗಿದ್ದರೆ ಹತ್ತು ಜನಕ್ಕೆ ಕಳಿಸಿ ಎಂದು ಕೊನೆಯಲ್ಲಿ ಅಪ್ಪಣೆ.

ಕನ್ನಡಕ ಏರಿಸಿಕೊಂಡು ಅದನ್ನೋದಿದ ಅಮ್ಮ, "ಹತ್ತು ಜನಕ್ಕೆ ಆಮೇಲೆ ಕಳಿಸೋಣ. ಮೊದ್ಲು ನಾವು ಹೋಗಿ ನೋಡ್ಕೊಂಡು ಬರೋಣ ನಡಿ" ಎಂದರು.

ಸುರಂಗಕ್ಕೆ ಎರಡು ಬಾಯಿ ಇರಲೇಬೇಕಲ್ಲ. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ನೋಡಿಬಿಡುವುದು ಎಂದು ತೀರ್ಮಾನವಾಯಿತು. ದಿನ ಗೊತ್ತುಮಾಡಿದ್ದು ನಾನು: ನವೆಂಬರ್ 28. "ಅದೇನು ಹಬ್ಬ?" ಎಂದರು ಅಮ್ಮ. "ಏನೂ ಇಲ್ಲ, ಅದಕ್ಕೇ" ಎಂದೆ.

ಬೆಳಗಿನ ಐದೂವರೆಗೆ ಕಾರು ತೆಗೆದಾಗ ಕೆರೆಯ ಮೇಲೆ ಮಂಜಿತ್ತು. ಮಾಗಡಿ ರಸ್ತೆ ಹಿಡಿದು, ನೈಸ್ ರಸ್ತೆ ಹತ್ತಿ, ಮಾದಾವರದಲ್ಲಿ ತುಮಕೂರು ರಸ್ತೆಗೆ ಇಳಿದೆವು. ನೆಲಮಂಗಲ ದಾಟುವ ಹೊತ್ತಿಗೆ ಬೆಳಕು ಹರಿಯಿತು. ದಾಬಸ್‌ಪೇಟೆಯಲ್ಲಿ ತಟ್ಟೆ ಇಡ್ಲಿಯ ಹಬೆ ಕಂಡು ಕಾರು ನಿಧಾನ ಮಾಡಿದರೆ, "ಅಭಿಷೇಕ ಆಗೋವರ್ಗೂ ಏನೂ ಬೇಡ" ಎಂದು ಅಮ್ಮ ಸ್ಟೀಲಿನ ತೂಕುಡಬ್ಬಿಯನ್ನು ಮಡಿಲಲ್ಲಿ ಇನ್ನಷ್ಟು ಒತ್ತಿ ಹಿಡಿದರು. ಡಬ್ಬಿಯಲ್ಲಿ ಹಿಂದಿನ ರಾತ್ರಿ ಮನೆಯಲ್ಲೇ ಕಾಸಿದ ತುಪ್ಪ. ಅಂಗಡಿಯ ತುಪ್ಪ ಬೆಣ್ಣೆಯಾಗದಿದ್ದರೆ ದೇವರ ಮೇಲೆ ತಪ್ಪು ಬರಬಾರದು ನೋಡಿ.

ದಾಬಸ್‌ಪೇಟೆಯಿಂದ ಎಡಕ್ಕೆ ಎಂಟು ಕಿಲೋಮೀಟರು. ಬೆಟ್ಟ ಪೂರ್ವದಿಂದ ಬಸವನಂತೆ, ಪಶ್ಚಿಮದಿಂದ ಗಣಪನಂತೆ, ದಕ್ಷಿಣದಿಂದ ಲಿಂಗದಂತೆ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆ ಕಾಣುತ್ತದೆ ಎಂಬುದು ಸ್ಥಳಪುರಾಣ. ಕಕುದ್ಗಿರಿ ಎಂಬ ಹಳೆಯ ಹೆಸರಿಗೂ ಎತ್ತಿನ ಹಿಣಿಲಿನ ಆಕಾರವೇ ಕಾರಣ. ನನಗೆ ಬಸವ ಕಂಡ. ಅಮ್ಮನಿಗೆ ಕಾರಿನ ಒಂದೇ ಕಿಟಕಿಯಿಂದ ನಾಲ್ಕೂ ಕಂಡವು.

ಗಂಗಾಧರೇಶ್ವರನ ಗುಡಿ ಬೆಟ್ಟದ ಬುಡದ ಕಡೆಗೇ ಇದೆ, ಮಂಡಿನೋವಿನವರೂ ಕೂತು ಎದ್ದು ಹತ್ತಬಹುದು. ಬಂಡೆಯ ಒಡಲಿಗೇ ಸೇರಿಸಿ ಕಟ್ಟಿದ ಗುಡಿ. ಮಂಟಪ ದಾಟಿ ಒಳಗೆ ಹೋದಂತೆ ಗೋಡೆ ಮುಗಿದು ಬೆಟ್ಟ ಶುರುವಾಗುವುದು ಎಲ್ಲೆಂದು ತಿಳಿಯುವುದಿಲ್ಲ. ಕಾಲಡಿಯ ತಂಪಿನಿಂದ ಮಾತ್ರ ಗುಹೆಗೆ ಬಂದೆವೆಂದು ಗೊತ್ತಾಗುತ್ತದೆ.

ಅರ್ಚಕರು ಡಬ್ಬಿ ತೆಗೆದುಕೊಂಡರು. ನಾನು ಕಣ್ಣು ಮಿಟುಕಿಸದೆ ನೋಡಿದೆ. ಹೊಂಬಣ್ಣದ ಹರಳು ತುಪ್ಪ. ಅದನ್ನು ಲಿಂಗದ ಮೇಲಿಟ್ಟು ಅಂಗೈಯಿಂದ ಮೇಲಿಂದ ಕೆಳಕ್ಕೆ, ಮತ್ತೆ ಮೇಲಕ್ಕೆ ತಿಕ್ಕಿದರು. ನಾಲ್ಕಾರು ಸಲ ಕೈಯಾಡುವಷ್ಟರಲ್ಲಿ ಹಳದಿ ಮಾಸಿತು, ಇನ್ನೊಂದಿಷ್ಟು ತಿಕ್ಕುವಷ್ಟರಲ್ಲಿ ಬಿಳಿ ಬಂತು. ಬೆರಳಿನ ಗುರುತು ಮೂಡುವಂಥ, ಮಂದವಾದ, ಹಸಿ ಬೆಣ್ಣೆಯಂಥ ಬಿಳಿ. ಬಾಳೆಲೆಯ ಚೂರಿನಲ್ಲಿ ಅದನ್ನೇ ಪ್ರಸಾದವಾಗಿ ಕೊಟ್ಟರು. ಬಾಯಿಗಿಟ್ಟರೆ ತುಪ್ಪದ ಪರಿಮಳ, ಬೆಣ್ಣೆಯ ಮೈ.

ಹೊರಗೆ ಬಂದು ಕಲ್ಲುಚಪ್ಪಡಿಯ ಮೇಲೆ ಕೂತ ಅಮ್ಮ ಆ ಬಿಳಿಯನ್ನು ಬೆರಳ ತುದಿಯಲ್ಲಿ ತಿಕ್ಕಿ ನೋಡಿ ನಕ್ಕರು. "ನಿಮ್ಮಜ್ಜಿ ಮಾಡ್ತಿದ್ದ ಮುಲಾಮು ಹೀಗೇ ಇರ್ತಿತ್ತು ಕಣೋ."

ಅಜ್ಜಿ ತಾಮ್ರದ ತಟ್ಟೆಯಲ್ಲಿ ತುಪ್ಪ ಹಾಕಿ, ತಣ್ಣೀರು ಬಿಟ್ಟು ಅಂಗೈಯಿಂದ ತಿಕ್ಕಿ, ನೀರು ಚೆಲ್ಲಿ ಮತ್ತೆ ಹೊಸ ನೀರು ಬಿಟ್ಟು ತಿಕ್ಕುತ್ತಿದ್ದುದು ನನಗೂ ನೆನಪಾಯಿತು. ನೂರು ಸಲ ತೊಳೆಯಬೇಕು, ಆಯುರ್ವೇದದಲ್ಲಿ ಅದಕ್ಕೆ ಶತಧೌತ ಘೃತ ಎಂದೇ ಹೆಸರು. ಹೊಂಬಣ್ಣದ ತುಪ್ಪ ಬೆಳ್ಳಗಾಗಿ, ನೊರೆಯಷ್ಟು ಹಗುರಾಗಿ, ಸುಟ್ಟಗಾಯಕ್ಕೆ, ಒಡೆದ ಹಿಮ್ಮಡಿಗೆ ಮದ್ದಾಗುತ್ತಿತ್ತು. ತಣ್ಣನೆಯ ಕಲ್ಲು, ತೇವ, ಅಂಗೈಯ ತಿಕ್ಕು ಇವು ಸೇರಿದರೆ ಶಿವಗಂಗೆಯಲ್ಲೂ ಆಗುವುದು ಅದೇ ಎಂದು ನನ್ನ ಅನುಮಾನ. ಹಾಗೆ ನೋಡಿದರೆ ವಿಜ್ಞಾನಿಗಳು ಕೈಕಟ್ಟಿ ನಿಲ್ಲಬೇಕಾದ್ದೇನಿಲ್ಲ, ನಮ್ಮಜ್ಜಿಯನ್ನು ಕೇಳಿದ್ದರೆ ಸಾಕಿತ್ತು. ಇದನ್ನು ಹೇಳಿದರೆ ಅಮ್ಮ ಬೇಜಾರು ಮಾಡಿಕೊಳ್ಳಬಹುದೆಂದು ಹೆದರಿದ್ದೆ. ಅವರು ಉಳಿದ ಬೆಣ್ಣೆಯನ್ನು ಡಬ್ಬಿಗೆ ತುಂಬಿ, "ಅದಕ್ಕೇನೀಗ? ಅಜ್ಜಿ ಮಾಡಿದ್ದು ಮದ್ದು, ಇದು ಪ್ರಸಾದ" ಎಂದು ಮುಚ್ಚಳ ಒತ್ತಿದರು.

ಸುರಂಗದ ಬಾಯಿ? ಗರ್ಭಗುಡಿಯ ಪಕ್ಕದ ಕತ್ತಲನ್ನು ತೋರಿಸಿ 'ಅದೇ' ಎಂದವರೊಬ್ಬರು ಸಿಕ್ಕರು. ಕತ್ತಲು ಮಾತ್ರ ನಿಜ.

ಅದಕ್ಕಿಂತ ಈ ಗುಡಿಗೂ ಬೆಂಗಳೂರಿಗೂ ಇರುವ ಗಟ್ಟಿ ನಂಟು ಬೇರೊಂದಿದೆ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಲೋಹದ ಮೂರ್ತಿಯೊಂದನ್ನು 1609ರಲ್ಲಿ ಇಲ್ಲಿ ನಿಲ್ಲಿಸಿದರು. ಬೆಟ್ಟದ ಮೇಲೆ ಅವರ ಹೆಸರಿನದೇ ಒಂದು ಹಜಾರವಿದೆ. ವಿಮಾನ ನಿಲ್ದಾಣದ ಮುಂದೆ 108 ಅಡಿಯ ಕಂಚಿನ ಕೆಂಪೇಗೌಡರು ಎದ್ದುನಿಂತದ್ದು 2022ರಲ್ಲಿ. ಅದರ ಮುಂದೆ ಸೆಲ್ಫಿ ತೆಗೆಸಿಕೊಂಡ ಎಷ್ಟು ಜನಕ್ಕೆ ಶಿವಗಂಗೆಯ ಮೂರ್ತಿಯ ವಿಚಾರ ಗೊತ್ತೋ ಕಾಣೆ.

ಅಮ್ಮನನ್ನು ಮಂಟಪದ ನೆರಳಲ್ಲಿ ಕೂರಿಸಿ ನಾನೊಬ್ಬನೇ ಬೆಟ್ಟ ಹತ್ತಿದೆ. ಮೊದಲು ಸಿಗುವುದು ಒಳಕಲ್ಲು ತೀರ್ಥ. ಬಗ್ಗಿ ನುಸುಳಬೇಕಾದ ಸಣ್ಣ ಗವಿ, ಒಳಗೆ ಬಂಡೆಯಲ್ಲಿ ಒರಳಿನಂಥ ಗುಂಡಿ. ಕೈ ಇಳಿಬಿಟ್ಟು ನೀರು ಮುಟ್ಟಿದರೆ ಪುಣ್ಯವಂತರು, ಸಿಗದಿದ್ದರೆ ಅವರವರ ಕರ್ಮ. ನನ್ನ ಮುಂದೆ ಒಬ್ಬರು ಭುಜದವರೆಗೂ ತೋಳು ಇಳಿಸಿ ಹಲ್ಲುಕಚ್ಚಿಕೊಂಡಿದ್ದರು.

"ಏನ್ರೀ, ಸಿಕ್ತಾ?"

"ಇರೇ, ಸ್ವಲ್ಪ."

"ಸಿಗಲ್ಲ ಬಿಡಿ, ನಂಗೊತ್ತಿತ್ತು."

ಆಕೆ ಬಗ್ಗಿ ಕೈ ಹಾಕಿ ಒಂದೇ ಸಲಕ್ಕೆ ನೀರು ತೆಗೆದು ಗಂಡನ ತಲೆಗೇ ಪ್ರೋಕ್ಷಣೆ ಮಾಡಿದರು. ಗವಿಯೊಳಗಿದ್ದವರೆಲ್ಲ ನಕ್ಕೆವು. ನನ್ನ ಸರದಿಯಲ್ಲಿ ಮೊದಲು ಒರಟು ಕಲ್ಲು, ಆಮೇಲೆ ನುಣುಪಾದ ಕಲ್ಲು, ಆಮೇಲೆ ತಟ್ಟನೆ ಚಳಿ. ಎಷ್ಟು ಸಾವಿರ ಕೈ ಸವೆಸಿದರೆ ಕಲ್ಲು ಹಾಗೆ ನುಣುಪಾದೀತು!

ಅಲ್ಲಿಂದ ಮೇಲೆ ಏರು ಕಡಿದು. ಬಂಡೆಯಲ್ಲೇ ಕಡಿದ ಮೆಟ್ಟಿಲು, ಪಕ್ಕಕ್ಕೆ ಕಬ್ಬಿಣದ ಸರಳು, ನಡುನಡುವೆ ಮಜ್ಜಿಗೆ, ಉಪ್ಪುಖಾರ ಹಚ್ಚಿದ ಸೌತೆಕಾಯಿ. ಕೋತಿಗಳ ವಿಚಾರದಲ್ಲಿ ಎಚ್ಚರ. ನನ್ನ ಸೌತೆಕಾಯಿ ನನಗಿಂತ ಮೊದಲು ಬೆಟ್ಟದ ತುದಿ ಮುಟ್ಟಿತು. ಕೋಡುಗಲ್ಲ ಬಸವಣ್ಣನ ಬಳಿ ಮಾತ್ರ ಸುಮ್ಮನೆ ನಿಂತುಬಿಟ್ಟೆ. ಒಂಟಿ ಬಂಡೆಯ ನೆತ್ತಿಯ ಮೇಲೆ, ಮೂರು ಕಡೆ ಬರೀ ಗಾಳಿ ಇರುವಲ್ಲಿ, ಅಷ್ಟು ದೊಡ್ಡ ಬಸವಣ್ಣ. ಕೆತ್ತಿದವನು ಎಲ್ಲಿ ಕಾಲಿಟ್ಟು ನಿಂತಿದ್ದ? ಬೆನ್ನ ಹಿಂದಿನ ಆಳ ಮರೆತು ಉಳಿ ಹಿಡಿದ ಆ ಮನುಷ್ಯನ ಹೆಸರು ಯಾವ ಸಂದೇಶದಲ್ಲೂ ಬರುವುದಿಲ್ಲ. ನನಗೆ ಇಡೀ ಬೆಟ್ಟದಲ್ಲಿ ಹೆಮ್ಮೆ ಎನಿಸಿದ್ದು ಅಲ್ಲಿ.

ತುದಿಯಲ್ಲಿ ತೀರ್ಥದ ಕಂಬವಿದೆ. ಮಕರ ಸಂಕ್ರಾಂತಿಯ ಬೆಳಗಿನ ಜಾವ ಅಲ್ಲಿ ಗಂಗೆ ಉಕ್ಕುತ್ತಾಳೆಂದು ಜನ ರಾತ್ರಿಯೇ ಹತ್ತಿ ಕಾಯುತ್ತಾರೆ. ಆ ತೀರ್ಥ ಇಳಿದ ಮೇಲೆಯೇ ಕೆಳಗೆ ಹೊನ್ನಾದೇವಿಗೂ ಗಂಗಾಧರೇಶ್ವರನಿಗೂ ಗಿರಿಜಾ ಕಲ್ಯಾಣ. ನಾನು ಹೋದ ದಿನ ಕಂಬ ಒಣಗಿತ್ತು, ಗಾಳಿ ಮಾತ್ರ ಕಿವಿ ಹರಿಯುವಂತೆ ಬೀಸುತ್ತಿತ್ತು.

ಇನ್ನೊಂದು ಅಂಚನ್ನು ಹುಡುಗರು 'ಶಾಂತಲಾ ಡ್ರಾಪ್' ಎನ್ನುತ್ತಾರೆ. ವಿಷ್ಣುವರ್ಧನನ ರಾಣಿ ಶಾಂತಲೆ ಇಲ್ಲಿಂದ ಹಾರಿದಳು ಎಂಬ ಕಥೆಯನ್ನು ನನ್ನ ಪಕ್ಕದ ಹುಡುಗನೊಬ್ಬ ವಿಡಿಯೊ ಮಾಡುತ್ತ ರಂಗಾಗಿ ಹೇಳುತ್ತಿದ್ದ. ಶ್ರವಣಬೆಳಗೊಳದಲ್ಲಿ ಆಕೆಯೇ ಕಟ್ಟಿಸಿದ ಸವತಿಗಂಧವಾರಣ ಬಸದಿಗೆ ಸೇರಿದ ಶಾಸನ ಹೇಳುವುದು ಇಷ್ಟೇ: ಶಕ 1053ರ ಚೈತ್ರದಲ್ಲಿ, ಅಂದರೆ 1131ರಲ್ಲಿ, ಆಕೆ ಶಿವಗಂಗೆಯ ತೀರ್ಥದಲ್ಲಿ ಮುಡಿಪಿದಳು. ಹಾರಿದ ಮಾತು ಅಲ್ಲಿಲ್ಲ. ಮಗಳು ಹೋದ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಅನ್ನಾಹಾರ ಬಿಟ್ಟು ದೇಹ ತೊರೆದಳು. ಕಲ್ಲಿನಲ್ಲಿ ಬರೆದಿಟ್ಟ ಆ ತಾಯಿಯ ಸಂಕಟ ಯಾರಿಗೂ ಬೇಡವಾಗಿದೆ. ಹುಡುಗನಿಗೆ ಹೇಳಲು ಹೋದೆ. "ಅಂಕಲ್, ಫ್ರೇಮಲ್ಲಿ ಬರ್ತಿದ್ದೀರಾ, ಸ್ವಲ್ಪ ಪಕ್ಕಕ್ಕೆ" ಎಂದ.

ಇಳಿದು, ಅಮ್ಮನೊಂದಿಗೆ ದಾಬಸ್‌ಪೇಟೆಯ ತಟ್ಟೆ ಇಡ್ಲಿ ತಿಂದು, ಉಲ್ಲಾಳಕ್ಕೆ ಬಂದು ಕಾರು ನಿಲ್ಲಿಸಿದಾಗ ಎರಡು ಗಂಟೆ. ಬಸವನಗುಡಿ ಕಡೆಗೆ ಸಂಜೆ ಕಾರು ತೆಗೆದುಕೊಂಡು ಹೋಗುವಷ್ಟು ಧೈರ್ಯ ನನಗಿಲ್ಲ. ಜ್ಞಾನಭಾರತಿಯಲ್ಲಿ ಮೆಟ್ರೊ ಹತ್ತಿದೆವು. ಮಾಗಡಿ ರಸ್ತೆ ನಿಲ್ದಾಣ ದಾಟಿದ ಮೇಲೆ ಗಾಡಿ ನೆಲದೊಳಕ್ಕೆ ಇಳಿದು ಕಿಟಕಿ ಕಪ್ಪಾಯಿತು. ಅಮ್ಮ ನನ್ನ ಮೊಣಕೈ ತಿವಿದು ಮೆಲ್ಲಗೆ ಹೇಳಿದರು: "ನೋಡು, ಸುರಂಗದಲ್ಲೇ ಹೋಗ್ತಿದ್ದೀವಿ."

ನನಗೆ ಲೆಕ್ಕ ತಲೆಯಲ್ಲಿ ಓಡಿತು. ಮೆಟ್ರೊದ ಮೊದಲ ಹಂತದಲ್ಲಿ ನೆಲದಡಿ ಸಾಗಿದ್ದು ಒಂಬತ್ತು ಕಿಲೋಮೀಟರಿಗೂ ಕಡಿಮೆ. ಅಷ್ಟಕ್ಕೇ ಭಾರಿ ಯಂತ್ರಗಳು ಬಂದವು. ಮಾರ್ಗರೀಟಾ ಎಂಬ ಯಂತ್ರ ನಮ್ಮ ಕಗ್ಗಲ್ಲಿಗೆ ಸಿಕ್ಕಿ ತಿಂಗಳುಗಟ್ಟಲೆ ನಿಂತೇಬಿಟ್ಟಿತ್ತು. ಅದೇ ಕಲ್ಲಿನಲ್ಲಿ ಶಿವಗಂಗೆಯವರೆಗೆ ಉಳಿ ಸುತ್ತಿಗೆಯಿಂದ ದಾರಿ ಕೊರೆದಿದ್ದರೆ ತೆಗೆದ ಕಲ್ಲೇ ಇನ್ನೊಂದು ಬೆಟ್ಟವಾಗಿರಬೇಕಿತ್ತು. ಸುರಂಗ ಇಲ್ಲ. ಒಂದೇ ಹೆಸರಿನ ಎರಡು ಗುಹೆಯ ದೇವರನ್ನು ಜನ ಕಥೆಯಲ್ಲಿ ಕೂಡಿಸಿಕೊಂಡಿದ್ದಾರೆ. ಕಥೆಯಾಗಿ ಅದು ನನಗೆ ಇಷ್ಟವೇ.

ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ಆಟೊ ಹಿಡಿದು ಗವಿಪುರ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಅಂಗಳದಲ್ಲಿ ನಾಲ್ಕು ಕಲ್ಲುಗಳು: ತ್ರಿಶೂಲ, ಡಮರುಗ, ಸೂರ್ಯಪಾನ, ಚಂದ್ರಪಾನ. ಕೊನೆಯ ಎರಡು, ದಪ್ಪ ಕಂಬದ ತುದಿಗೆ ಆಳೆತ್ತರದ ಕಲ್ಲಿನ ತಟ್ಟೆ ಕೂರಿಸಿದಂತಿವೆ. ಹಿಂದೊಮ್ಮೆ ಸಂಕ್ರಾಂತಿಗೆ ಬಂದಾಗ ಈ ತಟ್ಟೆಗಳನ್ನು ಬಿಟ್ಟರೆ ನಾನು ಕಂಡದ್ದು ಜನರ ತಲೆಗಳನ್ನು ಮಾತ್ರ. ನಂದಿಯ ಕೊಂಬುಗಳ ನಡುವಿನಿಂದ ಸೂರ್ಯರಶ್ಮಿ ತೂರಿ ಲಿಂಗ ಮುಟ್ಟುವುದನ್ನು ಹೊರಗೆ ಹಾಕಿದ್ದ ಪರದೆಯಲ್ಲಿ ನೋಡಿ ಮನೆಗೆ ಹೋಗಿದ್ದೆ. 2021ರಲ್ಲಿ ಮೋಡ ಮುಚ್ಚಿ ರಶ್ಮಿ ಬೀಳದೆ, ಏನು ಕೇಡು ಕಾದಿದೆಯೋ ಎಂದು ಊರೆಲ್ಲ ಮಾತಾಡಿತ್ತು.

ಆದರೆ ಸೂರ್ಯ ಆ ದಾರಿಯಲ್ಲಿ ಬರುವುದು ವರ್ಷಕ್ಕೆ ಒಂದೇ ಸಲವಲ್ಲ. ಜವಾಹರಲಾಲ್ ನೆಹರು ತಾರಾಲಯದ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು ಇಲ್ಲೇ ನಿಂತು ಅಳೆದು ನೋಡಿ 2008ರಲ್ಲಿ ಪ್ರಕಟಿಸಿದ್ದಾರೆ: ಜನವರಿ 13ರಿಂದ 16, ನವೆಂಬರ್ 26ರಿಂದ ಡಿಸೆಂಬರ್ 2. ಕಾರಣ ಸುಲಭ. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ದಕ್ಷಿಣದ ಕೊನೆ ಮುಟ್ಟಿ ತಿರುಗುತ್ತಾನೆ. ತಿರುಗಿ 24 ದಿನ ನಡೆದಾಗ ಸಂಕ್ರಾಂತಿ. ಹೋಗುವಾಗಲೂ 24 ದಿನ ಮುಂಚೆ ಅದೇ ಜಾಗ ದಾಟಿಯೇ ಹೋಗಿರುತ್ತಾನೆ. 1792ರಲ್ಲಿ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಎಂಬ ಚಿತ್ರಕಾರರು ಬರೆದ ಚಿತ್ರಗಳನ್ನು ಈಗಿನ ಗುಡಿಯೊಂದಿಗೆ ಹೋಲಿಸಿ, ಆಗ ಇಲ್ಲಿ ಕಟ್ಟಡ ಕಡಿಮೆ ಇತ್ತು, ಬೆಳಕಿನ ದಾರಿಯೂ ಬೇರೆಯಾಗಿತ್ತು ಎಂದೂ ಅವರು ತೋರಿಸಿದ್ದಾರೆ. ವಿಜ್ಞಾನಿಗಳು ಸೋತು ನಿಂತರು ಎನ್ನುವ ಸಂದೇಶಕ್ಕೆ ಇಂಥ ಕೆಲಸ ಕಾಣುವುದಿಲ್ಲ. ಈ ಗುಡಿಯ ಗುಟ್ಟನ್ನು ಇಷ್ಟು ಪ್ರೀತಿಯಿಂದ ನೋಡಿದವರೇ ಅವರು.

ಒಳಗೆ ಹತ್ತು ಹನ್ನೆರಡು ಮಂದಿ ಇದ್ದೆವು. ಅಮ್ಮ ಮೊದಲು ಎರಡು ತಲೆ, ಏಳು ಕೈ, ಮೂರು ಕಾಲಿನ ಅಗ್ನಿಯ ಮುಂದೆ ನಿಂತು ಕೈಮುಗಿದರು. ಕಣ್ಣಿನ ತೊಂದರೆ ಇದ್ದವರ ದೇವರು ಆತ. ಬಲಗಣ್ಣಿನ ಪೊರೆ ತೆಗೆಸಿ ಆರು ತಿಂಗಳಾಗಿತ್ತು, ಎಡಗಣ್ಣಿನದು ಬಾಕಿ. ಆಮೇಲೆ ಬಂದು ನಂದಿಯ ಪಕ್ಕದ ಗೋಡೆಗೆ ಒರಗಿದರು.

ಬೆಳಕು ಮೊದಲು ನೆಲದ ಮೇಲೆ ಬಿತ್ತು, ಅಂಗೈಯಗಲ. ನಂದಿಯ ಬೆನ್ನು ಕೆಂಪಾಯಿತು. ಪಟ್ಟಿ ಮೆಲ್ಲಗೆ ಹೊಸ್ತಿಲು ದಾಟಿ, ಪೀಠದ ಬುಡ ಹಿಡಿದು, ಬೆರಳಗಲ ಬೆರಳಗಲ ಏರಿತು. ಯಾರೋ ಒಬ್ಬ ಅಜ್ಜ ಎದ್ದು ದಾರಿಗೆ ಅಡ್ಡ ಬಂದವರು, ತಮ್ಮ ನೆರಳು ದೇವರ ಮೇಲೆ ಬಿದ್ದದ್ದು ಕಂಡು "ಶಿವ ಶಿವಾ" ಎಂದು ಸರಿದರು. ಅಷ್ಟರಲ್ಲಿ ಲಿಂಗ ಬೆಳಗಿತು. ಗಂಟೆ ಇಲ್ಲ, ಜಾಗಟೆ ಇಲ್ಲ, ಕ್ಯಾಮೆರಾ ಇಲ್ಲ. ಕೆಲವೇ ನಿಮಿಷ. ಅಮ್ಮ ಆಪರೇಷನ್ ಆದ ಕಣ್ಣೊಂದನ್ನೇ ತೆರೆದು, ಇನ್ನೊಂದನ್ನು ಕೈಯಿಂದ ಮುಚ್ಚಿಕೊಂಡು ನೋಡುತ್ತಿದ್ದರು.

ಮೆಟ್ರೊದಲ್ಲಿ ವಾಪಸು ಬರುವಾಗ, "ಆ ಮೆಸೇಜು ಕಳಿಸ್ಲಾ ಅಮ್ಮ, ಹತ್ತು ಜನಕ್ಕೆ?" ಎಂದೆ.

"ಸುರಂಗ ತೆಗೆದುಹಾಕಿ ಕಳ್ಸು. ನವೆಂಬರ್ ತಾರೀಖು ಸೇರ್ಸು."

ಸೇರಿಸುತ್ತಿದ್ದೇನೆ. ನವೆಂಬರ್ 26ರಿಂದ ಡಿಸೆಂಬರ್ 2ರೊಳಗೆ, ಮೋಡವಿಲ್ಲದ ಒಂದು ಸಂಜೆ ಗವಿಪುರಕ್ಕೆ ಹೋಗಿ. ಸಂಕ್ರಾಂತಿಗಿಂತ ಆಗ ಇಪ್ಪತ್ತು ನಿಮಿಷ ಬೇಗ ಹೊತ್ತು ಮುಳುಗುತ್ತದೆ, ಹಾಗಾಗಿ ಐದಕ್ಕೆ ಮೊದಲೇ ಅಲ್ಲಿರಿ. ಬೆಳಕಿನ ದಾರಿಗೆ ಅಡ್ಡ ನಿಲ್ಲಬೇಡಿ. ಪ್ರದಕ್ಷಿಣೆ ಬರುವಾಗ ತಲೆ ತಗ್ಗಿಸಿ, ಗವಿಯ ಚಾವಣಿ ಬಹಳ ತಗ್ಗು.