ನೀರು ಕೇಳಿದವನು

ಮನೆಗೆ ಬಂದವರಿಗೆ ಮೊದಲು ಬೆಲ್ಲ-ನೀರು ಕೊಡುವುದು ತುಳುನಾಡಿನ ಹಳೆಯ ವಾಡಿಕೆ. ಸುರತ್ಕಲ್ಲಿನ ಒಂದು ಶ್ರಾವಕ ಮನೆಯಲ್ಲಿ ಅಜ್ಜಿಯೊಬ್ಬರು ಅದನ್ನು ತಪ್ಪದೆ ನಡೆಸಿಕೊಂಡು ಬಂದಿದ್ದರು. ಒಂದು ಬೇಸಗೆಯ ಮಧ್ಯಾಹ್ನ ಅಪರಿಚಿತನೊಬ್ಬ ಬಾಗಿಲು ತಟ್ಟಿ ನೀರು ಕೇಳಿದಾಗ, ಕಾಲೇಜಿನಲ್ಲಿ ಓದುವ ಮೊಮ್ಮಗ ಚಿಲಕ ತೆಗೆಯಲಿಲ್ಲ. ಹಿಂದಿನ ರಾತ್ರಿ ಅವನು 'ದಂಡುಪಾಳ್ಯ' ಸರಣಿಯ ಮೊದಲೆರಡು ಚಿತ್ರಗಳನ್ನು ಒಟ್ಟಿಗೆ ನೋಡಿದ್ದನು.

ಹೊಸಕೋಟೆಯ ಬಳಿಯ ದಂಡುಪಾಳ್ಯದ ಹೆಸರಿನ ತಂಡವೊಂದು 1990ರ ದಶಕದಲ್ಲಿ ನೀರು ಕೇಳುವ ನೆಪದಲ್ಲಿ ಮನೆ ಹೊಕ್ಕು ಕತ್ತು ಕೊಯ್ಯುತ್ತಿತ್ತೆಂಬುದು ಆರೋಪ. ಶ್ರೀನಿವಾಸ ರಾಜು ಅವರು ಅದನ್ನು 2012ರಲ್ಲಿ ತೆರೆಗೆ ತಂದರು. ಚಿತ್ರ ಗೆದ್ದಿತು, ಗೆಲುವೇ ಮುಂದಿನ ಭಾಗಗಳಿಗೆ ಬೀಜವಾಯಿತು. 2017ರಲ್ಲಿ '2', 2018ರಲ್ಲಿ '3', 2019ರಲ್ಲಿ ಬೇರೊಬ್ಬ ನಿರ್ದೇಶಕರ ನಾಲ್ಕನೆಯದು ಬಂದವು. ಅಮೆರಿಕದಲ್ಲಿಯೂ 1980ರ 'ಫ್ರೈಡೇ ದ ತರ್ಟೀನ್ತ್' ಎಂಬ ಅಲ್ಪವೆಚ್ಚದ ಚಿತ್ರ ಮರುವರ್ಷವೇ ಎರಡನೆಯದನ್ನು ಹಡೆಯಿತು. ಅಲ್ಲಿ ತಾಯಿಯ ಕತ್ತಿ ಮಗನ ಕೈಗೆ ಬಂತು.

ದಂಡುಪಾಳ್ಯದ ಸರಣಿಯಲ್ಲಿ ಎರಡನೆಯ ಚಿತ್ರದ ಸ್ಥಾನ ಬೇರೆಯೇ. ಮೊದಲನೆಯದು ರಾಕ್ಷಸರೆಂದು ತೋರಿಸಿದವರ ಬಳಿಗೆ ಇದು ಪತ್ರಕರ್ತೆಯೊಬ್ಬಳನ್ನು ಕಳುಹಿಸಿ, "ನಿಜಕ್ಕೂ ಇವರೇ ಮಾಡಿದರೆ?" ಎಂದು ಕೇಳಿತು. ಆದರೆ ಆ ಸಂದೇಹವನ್ನು ಹೇಳಲು ಠಾಣೆಯ ಚಿತ್ರಹಿಂಸೆಯನ್ನೇ ನೆಚ್ಚಿಕೊಂಡಿತು. ಮೂರನೆಯದರಲ್ಲಿ ಪೊಲೀಸ್ ಅಧಿಕಾರಿಯ ಮಾತಿನೊಡನೆ ಕಥೆ ಮತ್ತೆ ಕತ್ತಿಗೇ ಮರಳಿತು. ನೋಡಿದವರ ಮನಸ್ಸಿನಲ್ಲಿ ಉಳಿದದ್ದು ಆ ಪ್ರಶ್ನೆಯಲ್ಲ, ಭಯ.

ತೆರೆಯ ಮೇಲಿನ ನೆತ್ತರು ಬರಿಯ ಬಣ್ಣವಲ್ಲವೆ ಎಂದು ಕೇಳಬಹುದು. 1209ರಲ್ಲಿ ಜನ್ನನು ರಚಿಸಿದ 'ಯಶೋಧರ ಚರಿತೆ'ಯ ಕೋಳಿಯೂ ಹಿಟ್ಟಿನದೇ ಆಗಿತ್ತು. ಆದರೂ ಅದನ್ನು ಬಲಿಕೊಟ್ಟ ಸಂಕಲ್ಪವು ತಾಯಿ-ಮಗನನ್ನು ಜನ್ಮದಿಂದ ಜನ್ಮಕ್ಕೆ ಅಲೆಸಿತು. ಕೆಡುಕಿನ ಕಥೆಗಳಿಗೆ ಕಿವಿಗೊಡುವುದನ್ನು ಶ್ರಾವಕಾಚಾರವು 'ದುಃಶ್ರುತಿ'ಯೆಂದು ಅನರ್ಥದಂಡಗಳಲ್ಲಿ ಎಣಿಸಿರುವುದು ಇದೇ ಕಾರಣಕ್ಕೆ. ಹಿಂಸೆ ಮೊದಲು ನೆಲೆಯೂರುವುದು ಮನಸ್ಸಿನಲ್ಲಿ.

ಅಜ್ಜಿ ಮೊಮ್ಮಗನನ್ನು ಗದರಲಿಲ್ಲ. ಮನೆಯಲ್ಲಿ ಇಬ್ಬರೇ ಇರುವಾಗ ಎಚ್ಚರಿಕೆ ತಪ್ಪಲ್ಲವೆಂದು ಅವರೂ ಬಲ್ಲರು. ಸೋಸಿದ ನೀರನ್ನೂ ಬೆಲ್ಲದ ತುಂಡನ್ನೂ ಕಿಟಕಿಯ ಸರಳುಗಳ ನಡುವಿನಿಂದ ನೀಡಿದರು. ಬಂದವನು ಕುಡಿದು, ಲೋಟವನ್ನು ಜಗಲಿಯ ಮೇಲಿಟ್ಟು, ಕೈಮುಗಿದು ಹೊರಟುಹೋದನು. ಆಮೇಲೆ ಚಿಲಕ ತೆಗೆದು ಲೋಟವನ್ನು ಒಳತಂದವನು ಮೊಮ್ಮಗನೇ.

ಚಿತ್ರಗಳು ಮುಂದೆಯೂ ಬರುತ್ತವೆ, ಮಕ್ಕಳು ನೋಡುತ್ತಾರೆ. ಬಾಗಿಲಿಗೆ ಚಿಲಕವಿರಲಿ, ಆದರೆ ಬಾಯಾರಿದವನಿಗೆ ನೀರು ತಪ್ಪದಿರಲಿ.